ಸ್ವೆಟರ್ ಹಾಕಿಕೊಳ್ಳಿ ಎನ್ನುವವರಿಗೆ

ಪ್ರತಿ ವರ್ಷ ಡಿಸೆಂಬರ್ ಬಂತೆಂದರೆ ನಮ್ಮ ಪತ್ರಿಕೆಗಳ ಮಹಿಳಾ ಪುರವಣಿಗಳಿಗೆ ದುಡಿಯುವ ತಾಯಂದಿರ ನೆನಪಾಗುತ್ತದೆ. ಚಳಿಗಾಲದಲ್ಲಿ ಆಕೆ ತನ್ನನ್ನೂ ತನ್ನ ಮನೆಯನ್ನೂ ಹೇಗೆ ಕಾಪಾಡಿಕೊಳ್ಳಬೇಕು ಎಂದು ಅರ್ಧ ಪುಟ ಕಿವಿಮಾತು. ಬೆಳಿಗ್ಗೆ ಅರ್ಧ ಗಂಟೆ ಬೇಗ ಎದ್ದು ಯೋಗ ಮಾಡಬೇಕಂತೆ. ಬಿಸಿ ನೀರಿಗೆ ನಿಂಬೆ, ಜೇನು ಬೆರೆಸಿ ಕುಡಿಯಬೇಕಂತೆ. ಮಕ್ಕಳಿಗೆ ದಿನವೂ ಬಿಸಿ ಸೂಪು, ತನಗೆ ವಾರಕ್ಕೆರಡು ಸಲ ಎಣ್ಣೆ ಸ್ನಾನ, ಕೈಗೆ ಕೋಲ್ಡ್ ಕ್ರೀಮು, ಖರ್ಚು ಬರೆದಿಡಲು ಒಂದು ಡೈರಿ, ದಿನದ ಕೊನೆಗೆ ತನಗಾಗಿ ಹತ್ತು ನಿಮಿಷ. ಹೊರಗೆ ಹೋಗುವಾಗ ತಪ್ಪದೆ ಸ್ವೆಟರ್ ಹಾಕಿಕೊಳ್ಳಿ ಎಂಬಲ್ಲಿಗೆ ಲೇಖನ ಮುಗಿಯುತ್ತದೆ. ಪಕ್ಕದಲ್ಲಿ ಹಬೆಯಾಡುವ ಲೋಟ ಹಿಡಿದು ನಗುತ್ತಿರುವ ಹೆಂಗಸಿನ ಫೋಟೋ.

ಈ ಸಲಹೆಗಳಲ್ಲಿ ಒಂದೂ ತಪ್ಪಿಲ್ಲ. ಸೂಪು ಒಳ್ಳೆಯದೇ, ಯೋಗವೂ ಒಳ್ಳೆಯದೇ. ನನ್ನ ತಕರಾರು ಬೇರೆ. ಈ ಪಟ್ಟಿಯ ಪ್ರತಿಯೊಂದು ಸಾಲೂ ಒಂದು ಕ್ರಿಯಾಪದದಲ್ಲಿ ಮುಗಿಯುತ್ತದೆ, ಆ ಎಲ್ಲ ಕ್ರಿಯಾಪದಗಳಿಗೂ ಕರ್ತೃ ಒಬ್ಬಳೇ. ಸೂಪು ಕುದಿಸುವವಳು ಅವಳು, ಕುಡಿಸುವವಳು ಅವಳು, ಬಟ್ಟಲು ತೊಳೆದು ಬೋರಲು ಹಾಕುವವಳೂ ಅವಳು. ಇಪ್ಪತ್ತು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿಕೊಟ್ಟವಳಿಗೆ ಇಷ್ಟಾದರೂ ಕಾಣಬೇಕಲ್ಲ! ದಣಿದವಳಿಗೆ ಇನ್ನಷ್ಟು ಕೆಲಸ ಹಚ್ಚಿ ಅದಕ್ಕೆ ಆರೈಕೆ ಎಂದು ಹೆಸರಿಡುವುದನ್ನು ನಾನು ಒಪ್ಪಲಾರೆ.

ನಾನಿರುವುದು ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ. ಪ್ರಿನ್ಸ್ ಜಯಚಾಮರಾಜ ಬಡಾವಣೆ ಎಂಬ ಪೂರ್ತಿ ಹೆಸರು ಈಗ ಹಳಬರ ಬಾಯಲ್ಲೂ ಅಪರೂಪ. ರಾಮ್ ಅಂಡ್ ಕೋ ವೃತ್ತದ ಆಸುಪಾಸು ಒಂದು ಮನೆ ಬಿಟ್ಟರೆ ಒಂದು ಕ್ಲಿನಿಕ್, ಅದು ಬಿಟ್ಟರೆ ಒಂದು ಮೆಡಿಕಲ್ ಶಾಪು. ಇಲ್ಲಿನ ಚಳಿ ಚಳಿಯೇ ಅಲ್ಲ ಎಂದು ಉತ್ತರ ಭಾರತದವರು ನಗಬಹುದು. ನಮ್ಮ ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 15-16 ಡಿಗ್ರಿ, ಮಧ್ಯಾಹ್ನಕ್ಕೆ ಮತ್ತೆ 30ರ ಹತ್ತಿರ. ಆದರೆ ಚಳಿಯನ್ನು ಬರೀ ಡಿಗ್ರಿಯಲ್ಲಿ ಅಳೆದರೆ ಸಾಲದು. ಗೀಜರ್ ಇರುವ ಮನೆಯ 15 ಡಿಗ್ರಿ ಒಂದು. ತಗಡಿನ ಮಾಡಿನ ಕೆಳಗೆ ಮಲಗೆದ್ದು, ಇನ್ನೊಬ್ಬರ ಮನೆಯ ಹಿತ್ತಲಿನಲ್ಲಿ ರಾತ್ರಿಯಿಡೀ ಆರಿದ ತೊಟ್ಟಿಯ ನೀರಿಗೆ ಮೊಣಕೈವರೆಗೆ ಕೈ ಇಳಿಸುವವಳ 15 ಡಿಗ್ರಿ ಇನ್ನೊಂದು.

ಮೊದಲು ನನ್ನ ದಿನದ ಲೆಕ್ಕ ಹೇಳಿಬಿಡುತ್ತೇನೆ, ಬೇರೆಯವರ ಲೆಕ್ಕ ಕೇಳುವ ಮೊದಲು ಅದು ನ್ಯಾಯ. ಏಳುವುದು ಐದಕ್ಕೆ. ನಲ್ಲಿ ನೀರು ಬಿಡುವ ದಿನವಾದರೆ ಇನ್ನೂ ಮುಂಚೆ. ಫಜರ್ ನಮಾಜು, ಆಮೇಲೆ ಇಬ್ಬರು ಮಕ್ಕಳ ಡಬ್ಬಿ, ಅತ್ತೆಯವರಿಗೆ ಬಿಸಿ ನೀರು, ಬಿ.ಪಿ. ಮಾತ್ರೆ, ಗಂಡನಿಗೆ ಚಹಾ. ಎಂಟೂವರೆಗೆ ಮನೆ ಬಿಟ್ಟರೆ ಶಾಲೆ. ಸಂಜೆ ಬಂದು ಮತ್ತೆ ಒಲೆ, ಮಕ್ಕಳ ಹೋಂವರ್ಕು, ನಾಳೆಯ ಪಾಠದ ತಯಾರಿ. ಕತೆ ಬರೆಯುವುದು ಎಲ್ಲರೂ ಮಲಗಿದ ಮೇಲೆ. ಇಷ್ಟನ್ನೂ ನಾನು ನಿಭಾಯಿಸುತ್ತೇನೆ ಎಂದು ನೆಂಟರಿಷ್ಟರು ಹೊಗಳುತ್ತಾರೆ. ನಾನೂ ಬಹಳ ಕಾಲ ಆ ಹೊಗಳಿಕೆಯನ್ನು ನಂಬಿಕೊಂಡಿದ್ದೆ. ನಿಜ ಏನೆಂದರೆ, ನನ್ನ ಈ ನಿಭಾವಣೆ ಪೂರ್ತಿಯಾಗಿ ನಿಂತಿರುವುದು ಇನ್ನೊಬ್ಬ ದುಡಿಯುವ ತಾಯಿಯ ಬೆನ್ನ ಮೇಲೆ. ಅವಳು ಒಂದು ದಿನ ಬಾರದಿದ್ದರೆ ನನ್ನ ಯೋಗ್ಯತೆಯೆಲ್ಲ ಸಿಂಕಿನಲ್ಲಿ ರಾಶಿ ಬಿದ್ದಿರುತ್ತದೆ.

ಆಕೆಯ ಹೆಸರು ಇಲ್ಲಿ ಬೇಡ. ರೈಲು ಹಳಿಯ ಆಚೆ, ಹಳೇ ಊರಿನ ಕಡೆಯಿಂದ ಬರುತ್ತಾಳೆ. ಮೂವತ್ತರ ಆಸುಪಾಸು, ಮೂವರು ಮಕ್ಕಳು. ಗಂಡ ಎ.ಪಿ.ಎಂ.ಸಿ.ಯಲ್ಲಿ ಹಮಾಲಿ. ಗಂಡ ಕುಡುಕ, ಸೋಮಾರಿ ಎಂದೆಲ್ಲ ಊಹಿಸಿಕೊಳ್ಳುವ ನಮ್ಮ ಚಟಕ್ಕೆ ಅವನು ಅವಕಾಶ ಕೊಡುವುದಿಲ್ಲ. ಮೆಕ್ಕೆಜೋಳದ ಲಾರಿಗಳು ಸಾಲುಗಟ್ಟುವ ಈ ತಿಂಗಳುಗಳಲ್ಲಿ ಅವನಿಗೆ ಕೈತುಂಬ ಕೆಲಸ, ರಾತ್ರಿ ಬಂದರೆ ಬೆನ್ನು ನೆಟ್ಟಗಾಗುವುದಿಲ್ಲ. ಇಬ್ಬರೂ ದುಡಿದರೂ ಸಾಲದು ಎಂಬುದೇ ಇಲ್ಲಿಯ ವಿಷಯ. ನಾಲ್ಕಕ್ಕೆ ಎದ್ದು ತನ್ನ ಮನೆಯ ರೊಟ್ಟಿ ತಟ್ಟಿ, ಮಕ್ಕಳಿಗೆ ಮುಚ್ಚಿಟ್ಟು, ಆರೂವರೆಗೆ ಮೊದಲ ಮನೆಯ ಗೇಟಿನಲ್ಲಿ ಇರುತ್ತಾಳೆ. ಅಲ್ಲಿ ಅಂಗಳ ಗುಡಿಸಿ ನೀರು ಹಾಕುವವಳು ಇವಳು. ನೀರು ಇಂಗಿದ ಮೇಲೆ ಮನೆಯೊಡತಿ ಬಂದು ರಂಗೋಲಿ ಹಾಕುತ್ತಾರೆ. ಎರಡನೆಯ ಮನೆಯಲ್ಲಿ ಅಡುಗೆಮನೆಗೆ ಪ್ರವೇಶವಿಲ್ಲ, ಪಾತ್ರೆ ಹಿತ್ತಲಿಗೇ ಬರುತ್ತವೆ. ಮೂರನೆಯದು ನಮ್ಮದು. ನಾಲ್ಕನೆಯ ಮನೆ ಮುಗಿಸಿ ಹಳಿ ದಾಟಿ ಹೋಗುವಾಗ ಮಧ್ಯಾಹ್ನ ಎರಡು. ನಾಲ್ಕೂ ಮನೆ ಸೇರಿ ತಿಂಗಳಿಗೆ ಏಳು ಸಾವಿರ.

ಈ ಏಳು ಸಾವಿರದಲ್ಲಿ ಮೂರು ಸಾವಿರ ಬಾಡಿಗೆ. ಸಂಘದ ಸಾಲದ ಕಂತು ವಾರ ವಾರ. ಪಡಿತರದ ಅಕ್ಕಿ ಬರುತ್ತದೆ, ಆದರೆ ಅಕ್ಕಿಯ ಜೊತೆಗೆ ಎಣ್ಣೆ, ಬೇಳೆ, ಸೊಪ್ಪು ಬರುವುದಿಲ್ಲ. ಇಷ್ಟು ಬಿಗಿಯಾದ ಬಟ್ಟೆಗೆ ಚಳಿಗಾಲ ಇನ್ನೊಂದು ಹರಕು ತೆಗೆಯುತ್ತದೆ. ಸ್ನಾನದ ನೀರು ಕಾಯಿಸಲು ಸೌದೆ. ಕಿರಿಯವನಿಗೆ ಕೆಮ್ಮು ಹತ್ತಿತೆಂದರೆ ಡಾಕ್ಟರ ಫೀಸು, ಸಿರಪ್ಪು, ಒಮ್ಮೊಮ್ಮೆ ಮೂಗಿಗೆ ಹಬೆ ಹಿಡಿಸುವ ಖರ್ಚು. ಇದರ ಮೇಲೆ ಮದುವೆಗಳ ಸೀಜನ್ನು. ಹೋದರೆ ಮುಯ್ಯಿ, ಹೋಗದಿದ್ದರೆ ಮಾತು. ಸ್ವೆಟರಿನ ಸರದಿ ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಬಂದರೂ ಅದು ಮಕ್ಕಳದು.

ಹೋದ ಜನವರಿಯಲ್ಲಿ ನಡೆದದ್ದನ್ನು ಬರೆಯದೆ ಮುಂದೆ ಹೋಗುವುದು ನನಗೆ ಸಾಧ್ಯವಿಲ್ಲ. ಆಕೆಯ ಕಿರಿಯ ಮಗನಿಗೆ ರಾತ್ರಿ ಉಸಿರು ಕಟ್ಟಿದಂತಾಗಿ ಸರ್ಕಾರಿ ಆಸ್ಪತ್ರೆಗೆ ಸೇರಿಸಿದರು. ಮೂರು ದಿನ ಆಕೆ ಬರಲಿಲ್ಲ. ಅದೇ ವಾರ ನನ್ನ ಮಗಳಿಗೂ ಜ್ವರ. ನಾನು ಎರಡು ದಿನ ರಜೆ ಹಾಕಿ ಮಗಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತೆ, ಕೆಲಸದವಳು ಬಾರದ ಬಗ್ಗೆ ತಂಗಿಗೆ ಫೋನಿನಲ್ಲಿ ಗೊಣಗಿದೆ. ತಿಂಗಳ ಕೊನೆಗೆ ನನ್ನ ಸಂಬಳ ಒಂದು ರೂಪಾಯಿ ಕಡಿಮೆಯಾಗದೆ ಬ್ಯಾಂಕಿಗೆ ಬಿತ್ತು. ಆಕೆಯ ಸಂಬಳದಲ್ಲಿ ನಾನು ಮೂರು ದಿನದ್ದು ಹಿಡಿದುಕೊಂಡೆ. ಲೆಕ್ಕ ಲೆಕ್ಕವೇ ಅಂದುಕೊಂಡೆ. ಆಕೆ ನೋಟು ಎಣಿಸಿ, ಏನೂ ಹೇಳದೆ, ಸೆರಗಿನ ತುದಿಗೆ ಕಟ್ಟಿಕೊಂಡಳು. ಉಳಿದ ಮೂರು ಮನೆಗಳಲ್ಲೂ ಹೀಗೆಯೇ ಆಯಿತು. ಒಂದು ಮನೆಯವರು ಇನ್ನೊಬ್ಬಳನ್ನು ನೋಡುತ್ತೇವೆ ಎಂದೂ ಹೆದರಿಸಿದರು. ಆ ಮೂರು ದಿನದಲ್ಲಿ ನನ್ನ ಮಗಳ ಜ್ವರಕ್ಕೆ ಸಂಬಳ ಸಹಿತ ರಜೆಯಿತ್ತು, ಆಕೆಯ ಮಗನ ಉಸಿರಿಗೆ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಎಷ್ಟೋ ವಾರಗಳ ನಂತರ, ಒಂದು ಕತೆ ಬರೆಯಲು ಕೂತಾಗ. ಕತೆಗಾರ್ತಿಗೆ ಪಾತ್ರಗಳ ಮೇಲೆ ಇರುವ ಕರುಣೆ ಮನೆಯ ಹಿತ್ತಲಿನಲ್ಲಿ ಕೂತವರ ಮೇಲೆ ಬರಲು ಇಷ್ಟು ಹೊತ್ತು ಬೇಕಾಯಿತು.

ಆದ್ದರಿಂದ ಈಗ ನಾನು ಜಗಳ ತೆಗೆಯುತ್ತಿರುವುದು ನನ್ನ ಸಹಿತ ನಮ್ಮೆಲ್ಲರ ಜೊತೆಗೆ.

ಕಾನೂನು ಹೇಗೆ ಹಂಚಿಕೆಯಾಗಿದೆ ನೋಡಿ. 2017ರ ತಿದ್ದುಪಡಿಯ ಪ್ರಕಾರ ನೌಕರಿಯಲ್ಲಿರುವ ತಾಯಿಗೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ಹೆರಿಗೆ ರಜೆ. ಕರ್ನಾಟಕದ ಸರ್ಕಾರಿ ನೌಕರಿಯ ಮಹಿಳೆಯರಿಗೆ 2021ರಿಂದ ಮಕ್ಕಳ ಆರೈಕೆಗೆಂದೇ 180 ದಿನಗಳ ರಜೆ. 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ನಾನು ಇವನ್ನೆಲ್ಲ ಸ್ವಾಗತಿಸುವವಳೇ. ಇವು ಯಾರೂ ಪುಕ್ಕಟೆ ಕೊಟ್ಟದ್ದಲ್ಲ, ಹೆಣ್ಣುಮಕ್ಕಳು ಬೀದಿಗಿಳಿದು ಪಡೆದದ್ದು. ಆದರೆ ಈ ಎಲ್ಲ ರಜೆಗಳೂ ಹಾಜರಿ ಪುಸ್ತಕ ಇರುವ ಕಡೆಗೆ ಮಾತ್ರ ಬಂದು ನಿಲ್ಲುತ್ತವೆ. ನಾನು ಹೊಟ್ಟೆನೋವೆಂದು ರಜೆ ಹಾಕಿ ಮಲಗಿದ ದಿನ, ಅದೇ ಹೊಟ್ಟೆನೋವು ಇರುವ ಇನ್ನೊಬ್ಬ ಹೆಂಗಸು ಬಂದು ನನ್ನ ನೆಲ ಒರೆಸಬೇಕು. ಒರೆಸಿದ್ದಾಳೆ ಕೂಡ. ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿ ಕೂಲಿಯವರ ಮಕ್ಕಳಿಗೆ 'ಕೂಸಿನ ಮನೆ' ಬಂತು. ನಗರದಲ್ಲಿ ಮನೆ ಮನೆ ಸುತ್ತುವವಳ ಕೂಸು ಮಾತ್ರ ದೊಡ್ಡ ಅಕ್ಕನ ಸೊಂಟದಲ್ಲೇ ಇದೆ, ಅಕ್ಕನ ಶಾಲೆ ಅಷ್ಟು ದಿನ ಖೋತಾ.

ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿದ ಮೊದಲ ರಾಜ್ಯಗಳಲ್ಲಿ ನಮ್ಮದೂ ಒಂದು, 2004ರಷ್ಟು ಹಿಂದೆಯೇ. ಈ ವಿಷಯವನ್ನು ನಾನು ನಮ್ಮ ಬೀದಿಯ ಆರು ಮನೆಗಳಲ್ಲಿ ಹೇಳಿದೆ. ವಕೀಲರ ಮನೆಯೂ ಅದರಲ್ಲಿ ಒಂದು. ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ನಮಗೆ ಅನುಕೂಲವೂ ಹೌದು. ಮನೆಗೆಲಸದವರ ಹಕ್ಕುಗಳ ಬಗ್ಗೆ 2011ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 189ನೆಯ ಒಡಂಬಡಿಕೆ ಮಾಡಿದಾಗ ಭಾರತ ಅದರ ಪರವಾಗಿ ಮತ ಹಾಕಿತು, ಊರಿಗೆ ಬಂದು ಅನುಮೋದಿಸುವುದನ್ನು ಮಾತ್ರ ಮಾಡಲಿಲ್ಲ. ಸಭೆಯಲ್ಲಿ ಕೈ ಎತ್ತಿ ಮನೆಯಲ್ಲಿ ಕೈ ಬಿಗಿ ಹಿಡಿಯುವುದು ಸರ್ಕಾರಗಳಿಗೂ ಬರುತ್ತದೆ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಇವರಿಗೊಂದು ಕಾನೂನು ಬೇಕೋ ಹೇಗೆ ಎಂದು ನೋಡಲು ಸಮಿತಿ ಮಾಡಿ ಎಂದು ಕೇಂದ್ರಕ್ಕೆ ಹೇಳಬೇಕಾಯಿತು.

ಇಲ್ಲಿ ಒಂದು ಮಾತು ಎದ್ದೇ ಏಳುತ್ತದೆ. "ಅಯ್ಯೋ ಟೀಚರ್, ನಿಮಗೆ ಗೊತ್ತಿಲ್ಲ, ಈಗ ಅವರಿಗೆಲ್ಲ ಸರ್ಕಾರ ಪುಕ್ಕಟೆ ಕೊಡುತ್ತೆ. ಗ್ಯಾರಂಟಿ ಬಂದ ಮೇಲೆ ಕೆಲಸದವರು ಸಿಗೋದೇ ಇಲ್ಲ, ಸಿಕ್ಕರೂ ಮಾತಾಡೋಕೆ ಆಗಲ್ಲ." ಸಂಜೆ ವಾಕಿಂಗಿನಲ್ಲಿ, ಮದುವೆ ಊಟದಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲೆಲ್ಲೂ ಇದೇ ಮಾತು. ಸರಿ, ಲೆಕ್ಕ ಹಾಕೋಣ. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿ ತಿಂಗಳಿಗೆ 2000 ರೂಪಾಯಿ. ದಿನಕ್ಕೆ ಸುಮಾರು 66 ರೂಪಾಯಿ. ನಮ್ಮೂರಿನಲ್ಲಿ ಒಂದು ಬೆಣ್ಣೆ ದೋಸೆ ತಿಂದು ಚಹಾ ಕುಡಿದರೆ ಮುಗಿಯಿತು. ಅದೂ ತಿಂಗಳು ತಿಂಗಳಿಗೆ ಸರಿಯಾಗಿ ಬರುವುದಿಲ್ಲ, ಕಂತುಗಳು ನಿಂತು ನಿಂತು ಬರುತ್ತವೆ. ಇಷ್ಟರಿಂದಲೇ ಒಬ್ಬ ಹೆಂಗಸು ನಾಲ್ಕನೆಯ ಮನೆಯ ಯಜಮಾನಿಯ ಬೈಗುಳಕ್ಕೆ ಎದುರು ಮಾತಾಡುವಷ್ಟು ಧೈರ್ಯ ಬಂತು ಎಂದಾದರೆ, ನಾವು ಅಲ್ಲಿಯವರೆಗೆ ಅವಳನ್ನು ಎಷ್ಟು ಕಡಿಮೆಗೆ ಕಟ್ಟಿಹಾಕಿದ್ದೆವು ಎಂದು ಲೆಕ್ಕ ಬರುತ್ತದೆ.

ಮತ್ತೆ, ಪುಕ್ಕಟೆ ಎಂದರೆ ಯಾರಿಗೆ? ಗೃಹಜ್ಯೋತಿಯ 200 ಯೂನಿಟ್ಟು ಬಂದ ಮೇಲೆ ನಮ್ಮ ಬೀದಿಯ ಎಷ್ಟು ಮನೆಗಳು ಕರೆಂಟ್ ಬಿಲ್ಲಿನ ಸೊನ್ನೆ ನೋಡಿ ಬೇಡ ಎಂದಿವೆ? ಹರಿಹರದಲ್ಲಿರುವ ತವರುಮನೆಗೆ ನಾನು ಹೋಗುವುದು ಶಕ್ತಿ ಯೋಜನೆಯ ಟಿಕೆಟಿನಲ್ಲೇ. ಹದಿನಾಲ್ಕು ಕಿಲೋಮೀಟರು ಪುಕ್ಕಟೆ ಕೂತು ಹೋಗುವಾಗ ನನ್ನ ಪಕ್ಕದಲ್ಲಿ ಇಂಥದೇ ಒಬ್ಬ ಹೆಂಗಸು, ತೊಡೆಯ ಮೇಲೆ ಖಾಲಿ ಬುತ್ತಿ ಇಟ್ಟುಕೊಂಡು ನಿದ್ದೆ ಹೋಗಿರುತ್ತಾಳೆ. ಅವಳಿಗೆ ಉಳಿದ ಬಸ್ ಚಾರ್ಜು ಮಗುವಿನ ಹಾಲಿಗೆ ಹೋಗುತ್ತದೆ, ನನ್ನದು ಎಲ್ಲಿಗೆ ಹೋಗುತ್ತದೆ ಎಂದು ನನಗೇ ಗೊತ್ತಿಲ್ಲ. ಹೀಗಿರುವಾಗ ಆ ಟಿಕೆಟಿನಿಂದ ಕೆಟ್ಟುಹೋದವಳು ಅವಳೊಬ್ಬಳೇ ಹೇಗೆ?

ಈ ಹೆಂಗಸರು ಯಾವಾಗಲೂ ಹೀಗೆ ಮನೆ ಮನೆ ಸುತ್ತುತ್ತಿದ್ದವರಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲ ನನ್ನ ಅಬ್ಬಾನಿಗೆ ಚೆನ್ನಾಗಿ ನೆನಪಿತ್ತು. ಮಿಲ್ಲಿನ ಸೈರನ್ನಿಗೆ ಊರು ಏಳುತ್ತಿತ್ತು. ಮಿಲ್ಲಿನ ಕೆಲಸಗಾರನಿಗೆ ಪಿ.ಎಫ್., ಇ.ಎಸ್.ಐ., ಬೋನಸ್ಸು ಇತ್ತು. ಬೋನಸ್ಸಿನಲ್ಲಿ ಮನೆಮಂದಿಗೆಲ್ಲ ಬಟ್ಟೆ ಬರುತ್ತಿತ್ತು. ಒಂದೊಂದಾಗಿ ಮಿಲ್ಲುಗಳು ಮುಚ್ಚಿದವು. ಆಚೆ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಗಂಡಸರು ಹಮಾಲಿಗೆ, ಆಟೋಕ್ಕೆ, ತಳ್ಳುಗಾಡಿಗೆ ಹೋದರು. ಸಂಬಳ ಹೋಗಿ ದಿನಗೂಲಿ ಬಂತು. ದಿನಗೂಲಿಯ ಜೊತೆಗೆ ಇ.ಎಸ್.ಐ. ಕಾರ್ಡು ಬರುವುದಿಲ್ಲ. ಆ ಕೊರೆ ತುಂಬಲು ಹೊರಗೆ ಬಂದವರು ಹೆಂಗಸರು. ಬೀಡಿ ಕಟ್ಟಿದರು, ಮಂಡಕ್ಕಿ ಭಟ್ಟಿಗೆ ಹೋದರು, ನಮ್ಮ ಪಾತ್ರೆಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಮನೆಯಲ್ಲಿ ಕೂರುವುದೇ ಒಳ್ಳೆಯ ಹೆಂಗಸಿನ ಲಕ್ಷಣ ಎಂದು ಉಪದೇಶ ಮಾಡುವವರು, ಮಿಲ್ಲು ಮುಚ್ಚಿದಾಗ ಯಾವ ಗೇಟಿನ ಮುಂದೆ ಧರಣಿ ಕೂತಿದ್ದರು ಎಂದು ಕೇಳಬೇಕೆನಿಸುತ್ತದೆ.

ಮಂಡಕ್ಕಿ ಭಟ್ಟಿ ಎಂದೆ. ನಮ್ಮ ಊರಿನ ಹೆಮ್ಮೆ ಅದು, ಮಿರ್ಚಿ ಮಂಡಕ್ಕಿ ಇಲ್ಲದೆ ನಮಗೆ ಸಂಜೆಯೇ ಇಲ್ಲ. ಆದರೆ ಭಟ್ಟಿಯ ಹೊಗೆಗೆ ಚಳಿಗಾಲ ಒಂದು ಶಾಪ. ಬೇಸಿಗೆಯಲ್ಲಿ ಕಾದ ಗಾಳಿಯ ಜೊತೆ ಮೇಲೇರುವ ಹೊಗೆ, ಚಳಿಯ ರಾತ್ರಿಗಳಲ್ಲಿ ನೆಲದ ಹತ್ತಿರದ ತಣ್ಣನೆಯ ಗಾಳಿಯಲ್ಲೇ ಸಿಕ್ಕಿಬಿದ್ದು ಮನೆಗಳ ಮಟ್ಟದಲ್ಲಿ ತೇಲುತ್ತದೆ. ಬೆಳಿಗ್ಗೆ ಒಣಹಾಕಿದ ಬಟ್ಟೆ ಸಂಜೆಗೆ ಕಪ್ಪು. ಬಟ್ಟೆಗೇ ಹೀಗಾದರೆ ಮೂರು ವರ್ಷದ ಕೂಸಿನ ಪುಪ್ಪಸಕ್ಕೆ ಏನಾಗಬೇಡ? 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಗಳ ಮೊದಲ ಇಪ್ಪತ್ತರ ಪಟ್ಟಿಯಲ್ಲಿ ದಾವಣಗೆರೆಯ ಹೆಸರು ಬಂದಾಗ ಭಟ್ಟಿಗಳ ಸುಧಾರಣೆಯೂ ಆ ಯೋಜನೆಯಲ್ಲಿತ್ತು. ನಮ್ಮ ಬಡಾವಣೆಯ ರಸ್ತೆಗಳು ಅಗಲವಾದದ್ದನ್ನು ನಾನು ಕಣ್ಣಾರೆ ಕಂಡೆ. ಆಕೆಯ ಮಗನ ಕೆಮ್ಮು ಮಾತ್ರ ಇನ್ನೂ ಹಳೆಯದೇ.

ಇನ್ನು ಆರೋಗ್ಯದ ಕಿವಿಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಇದು 47.8. ಅಂದರೆ ಹೆಚ್ಚುಕಮ್ಮಿ ಇಬ್ಬರಲ್ಲಿ ಒಬ್ಬಳಿಗೆ. ರಕ್ತ ಕಡಿಮೆ ಇದ್ದವರಿಗೆ ಚಳಿ ಹೆಚ್ಚು ಹತ್ತುತ್ತದೆ, ಇದು ವೈದ್ಯರು ಹೇಳುವ ಮಾತು; ಕೈಕಾಲಿಗೆ ಬಿಸಿ ಮುಟ್ಟಿಸುವ ರಕ್ತವೇ ಬಡವಾಗಿರುತ್ತದಲ್ಲ. ಅದನ್ನು ಮರೆಯಲು ಅವಳು ಚಹಾ ಕುಡಿಯುತ್ತಾಳೆ. ಊಟದ ಜೊತೆಗೇ ಕುಡಿದ ಚಹಾ ಊಟದಲ್ಲಿದ್ದ ಅಷ್ಟಿಷ್ಟು ಕಬ್ಬಿಣಾಂಶವನ್ನೂ ದೇಹಕ್ಕೆ ಹತ್ತಗೊಡುವುದಿಲ್ಲ. ನಾವು ಮನೆಗೆಲಸದವಳಿಗೆ ಉದಾರವಾಗಿ ಕೊಡುವುದಾದರೂ ಏನು? ರಾತ್ರಿ ಉಳಿದ ಅನ್ನ, ಮತ್ತೊಂದು ಲೋಟ ಚಹಾ.

ಸೋಪಿನ ಪುಡಿ ಮತ್ತು ತಣ್ಣೀರಿಗೆ ಬೆರಳ ಸಂದು ಸೀಳಿ ರಕ್ತ ಜಿನುಗುವುದನ್ನು ನಾನು ನೋಡಿದ್ದೇನೆ. ಕೋಲ್ಡ್ ಕ್ರೀಮು ಹಚ್ಚಿಕೋ ಎಂದೆ ಒಮ್ಮೆ. "ಹಚ್ಚಿ ಏನ್ ಮಾಡ್ಲಿ ಬಾಜಿ, ಮುಂದಿನ ಮನೇಲಿ ತೊಳೆದು ಹೋಗುತ್ತೆ" ಅಂದಳು. ಇದಕ್ಕಿಂತ ಕೆಟ್ಟ ಸಂಗತಿ ಇನ್ನೊಂದಿದೆ, ಬರೆಯಲು ಸಂಕೋಚವಾದರೂ ಬರೆಯಬೇಕು. ಬೆಳಿಗ್ಗೆ ಆರೂವರೆಯಿಂದ ಮಧ್ಯಾಹ್ನ ಎರಡರವರೆಗೆ ನಾಲ್ಕು ಮನೆಗಳ ಬಚ್ಚಲು, ಪಾಯಖಾನೆಗಳನ್ನು ತಿಕ್ಕುವವಳಿಗೆ ಅವುಗಳಲ್ಲಿ ಒಂದನ್ನೂ ಬಳಸುವ ಅನುಮತಿ ಇಲ್ಲ. ಯಾರೂ ಬಾಯಿಬಿಟ್ಟು ಬೇಡ ಎಂದಿಲ್ಲ. ಯಾರೂ ಬಳಸು ಎಂದೂ ಹೇಳಿಲ್ಲ. ಚಳಿಯಲ್ಲಿ ಮೂತ್ರಕ್ಕೆ ಹೋಗಬೇಕಾಗುವುದು ಹೆಚ್ಚು ಎಂದು ಅವಳು ನೀರು ಕುಡಿಯುವುದನ್ನೇ ಬಿಡುತ್ತಾಳೆ. ಆಮೇಲೆ ಉರಿಮೂತ್ರ, ಜ್ವರ, ಮಾತ್ರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಕಾರ್ಡು ಅವಳಲ್ಲಿದೆ, ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಆದರೆ ಅದು ಒಳರೋಗಿಯಾಗಿ ಆಸ್ಪತ್ರೆಗೆ ಸೇರಬೇಕಾದ ಕಾಯಿಲೆಗಳಿಗೆ. ಉರಿಮೂತ್ರಕ್ಕೆ, ಬೆರಳ ಸೀಳಿಗೆ, ಮಗುವಿನ ಸಿರಪ್ಪಿಗೆ ಕೊಡಬೇಕಾದದ್ದು ಸೆರಗಿನ ಗಂಟಿನಿಂದಲೇ. ಪುಕ್ಕಟೆ ನೋಡುವ ಸರ್ಕಾರಿ ಕ್ಲಿನಿಕ್ಕಿಗೆ ಹೋಗೋಣವೆಂದರೆ, ಅದರ ಬಾಗಿಲು ತೆರೆದಿರುವ ಹೊತ್ತು ಬಹುಪಾಲು ಅವಳು ನಮ್ಮ ಮನೆಗಳಲ್ಲಿರುವ ಹೊತ್ತು.

ಈಗ ನಮ್ಮ ಗಂಡಸರ ವಿಚಾರ. ಕೇಂದ್ರ ಸರ್ಕಾರ 2019ರಲ್ಲಿ ಜನ ತಮ್ಮ ದಿನವನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕಿದ ಹೆಂಗಸರು ದಿನಕ್ಕೆ 299 ನಿಮಿಷ ಅದಕ್ಕೆ ಕೊಟ್ಟರೆ, ಕೈ ಹಾಕಿದ ಗಂಡಸರು ಕೊಟ್ಟದ್ದು 97 ನಿಮಿಷ. ಕೈಯನ್ನೇ ಹಾಕದ ಗಂಡಸರು ಬಹುಪಾಲು, ಅವರ ಲೆಕ್ಕ ಇದರಲ್ಲಿ ಸೇರಿಲ್ಲ. 2024ರಲ್ಲಿ ಮತ್ತೆ ಸಮೀಕ್ಷೆಯಾಯಿತು: 289 ಮತ್ತು 88. ಐದು ವರ್ಷದಲ್ಲಿ ಹೆಂಗಸಿಗೆ 10 ನಿಮಿಷ ಬಿಡುವು ಸಿಕ್ಕಿತಲ್ಲ ಎಂದು ಸಂತೋಷಪಡುವಷ್ಟರಲ್ಲಿ ಗಂಡಸೂ ತನ್ನ 9 ನಿಮಿಷ ಹಿಂದಕ್ಕೆ ತೆಗೆದುಕೊಂಡಿದ್ದಾನೆ!

ನಮ್ಮ ಸಮುದಾಯದಲ್ಲಿ ಇದಕ್ಕೆ ಇನ್ನೊಂದು ಬಣ್ಣವಿದೆ. 'ಔರತ್ ಕಿ ಕಮಾಯಿ ಮೆ ಬರ್ಕತ್ ನೈ' ಎನ್ನುವ ಹಿರಿಯರು ನಮ್ಮ ಮನೆಗಳಲ್ಲೂ ಇದ್ದಾರೆ. ಹೆಂಗಸಿನ ಗಳಿಕೆಯಲ್ಲಿ ಬರ್ಕತ್ ಇಲ್ಲವಂತೆ. ಇದೇ ಹಿರಿಯರು ಮಗನಿಗೆ ಹೆಣ್ಣು ನೋಡುವಾಗ ಹುಡುಗಿ ಟೀಚರೋ ನರ್ಸೋ ಎಂದು ವಿಚಾರಿಸುತ್ತಾರೆ. ಹೆಂಡತಿಯ ಗಳಿಕೆ ಅವಳ ಸ್ವಂತದ್ದು, ಮನೆ ನಡೆಸುವ ಹೊಣೆ ಗಂಡನದು ಎಂಬುದು ನಮ್ಮ ಶರೀಅತ್ತಿನ ಮೂಲ ಪಾಠ. ಇದರಲ್ಲಿ ಮೊದಲ ಅರ್ಧವನ್ನು ಯಾರೂ ನೆನೆಯುವುದಿಲ್ಲ. ಎರಡನೆಯ ಅರ್ಧವನ್ನು ಅವಳನ್ನು ಮನೆಯಲ್ಲಿ ಕೂರಿಸಲು ಮಾತ್ರ ಬಳಸುತ್ತಾರೆ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಬೋಧನೆಯನ್ನು ಜುಮಾದ ಬಯಾನಿನಲ್ಲಿ ಕೇಳಿ ತಲೆದೂಗುತ್ತೇವೆ, ಮನೆಗೆ ಬಂದು ಕೆಲಸದವಳಿಗೆ ಹತ್ತನೇ ತಾರೀಕು ಬಾ ಎನ್ನುತ್ತೇವೆ. ಚಾಂದ್ರಮಾನದ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ರಂಜಾನ್ ಈಗ ಹಿಂದೆ ಸರಿಯುತ್ತಾ ಚಳಿಗಾಲದೊಳಕ್ಕೆ ಬರುತ್ತಿದೆ. 2030ರಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ ಶುರುವಾಗುತ್ತದೆ. ಹಗಲು ಚಿಕ್ಕದು, ರೋಜಾ ಸುಲಭ ಎಂದು ಗಂಡಸರು ಈಗಲೇ ಖುಷಿಯಲ್ಲಿದ್ದಾರೆ. ಆ ಚಳಿಯಲ್ಲಿ ಸಹರಿಗೆ ಒಂದು ಗಂಟೆ ಮುಂಚೆ ಎದ್ದು ಒಲೆ ಹಚ್ಚುವವರು ಯಾರು ಎಂದು ನಾನು ನಮ್ಮ ಮನೆಯಲ್ಲಿ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ದಾನದ ಮಾತನ್ನೂ ಆಡಿಬಿಡುತ್ತೇನೆ, ಬೇಸರವಾದರೂ ಸರಿ. ಪ್ರತಿ ಚಳಿಗಾಲದಲ್ಲಿ ನಮ್ಮ ಊರಿನಲ್ಲಿ ಕಂಬಳಿ ವಿತರಣೆ ನಡೆಯುತ್ತದೆ. ಎಲ್ಲ ಜಾತಿ ಮತಗಳ ಸಂಘಗಳೂ ಮಾಡುತ್ತವೆ, ಈ ಒಂದು ವಿಷಯದಲ್ಲಿ ಸೌಹಾರ್ದಕ್ಕೆ ಕೊರತೆಯಿಲ್ಲ. ಹೆಂಗಸರನ್ನು ಎರಡು ಗಂಟೆ ಸಾಲಿನಲ್ಲಿ ನಿಲ್ಲಿಸಿ, ಕಂಬಳಿಯ ಒಂದು ತುದಿ ಅವಳ ಕೈಗೆ, ಇನ್ನೊಂದು ತುದಿ ದಾನಿಯ ಕೈಗೆ ಕೊಟ್ಟು ಫೋಟೋ ತೆಗೆಯುತ್ತಾರೆ. ನಮ್ಮ ಆಕೆಗೂ ಒಂದು ಸಿಕ್ಕಿತ್ತು. ಎರಡನೆಯ ಒಗೆತಕ್ಕೆ ನೂಲು ಬಿಟ್ಟಿತು. ಆ ಸಾಲಿನಲ್ಲಿ ನಿಂತದ್ದಕ್ಕೆ ಒಂದು ಮನೆಯಲ್ಲಿ ಅರ್ಧ ದಿನದ ಸಂಬಳ ಹೋಗಿತ್ತು. ಆ ಮನೆಯ ಯಜಮಾನರೇ ಕಂಬಳಿ ಕೊಟ್ಟವರಲ್ಲಿ ಒಬ್ಬರು ಎಂದು ಬರೆದರೆ ಕತೆಗಾರ್ತಿ ಕಟ್ಟಿದ್ದು ಎನ್ನುತ್ತೀರಿ. ಕಟ್ಟಿದ್ದಲ್ಲ.

ನಾನು ಕೇಳುತ್ತಿರುವುದು ಕ್ರಾಂತಿಯನ್ನೇನೂ ಅಲ್ಲ. ವಾರಕ್ಕೊಂದು ದಿನ ಸಂಬಳ ಕತ್ತರಿಸದ ರಜೆ. ತನಗೋ ಮಕ್ಕಳಿಗೋ ಕಾಯಿಲೆಯಾದಾಗ ವರ್ಷದಲ್ಲಿ ಒಂದಿಷ್ಟು ದಿನ, ಅದೂ ಸಂಬಳ ಸಹಿತ. ಪಾತ್ರೆ ತೊಳೆಯಲು ಬಿಸಿ ನೀರು. ಗೀಜರ್ ನಮ್ಮಲ್ಲಿ ಹೇಗೂ ಇದೆ. ಬಳಸು ಎಂದು ಬಾಯಿಬಿಟ್ಟು ಹೇಳಿದ ಒಂದು ಪಾಯಖಾನೆ. ವರ್ಷಕ್ಕೊಮ್ಮೆ ಸಂಬಳ ಏರಿಕೆ, ನಮಗೆ ಇನ್‌ಕ್ರಿಮೆಂಟ್ ಬರುವ ಹಾಗೆಯೇ. ಇದಕ್ಕೆ ಯಾವ ಸಮಿತಿಯ ವರದಿಯೂ ಬೇಕಾಗಿಲ್ಲ, ಒಂದು ಬೀದಿಯ ಆರು ಮನೆಯವರು ಕೂತು ಮಾತಾಡಿದರೆ ಆಗುತ್ತದೆ. ನಾನು ಮಾತಾಡಿ ನೋಡಿದೆ. "ನೀವು ಹೀಗೆಲ್ಲ ಅಭ್ಯಾಸ ಮಾಡಿಸಿದರೆ ನಾವೂ ಕೊಡಬೇಕಾಗುತ್ತೆ" ಎಂದರು ಒಬ್ಬರು. ಹೌದು, ಅದಕ್ಕಾಗಿಯೇ ಬಂದದ್ದು ಎಂದೆ. ಇನ್ನೊಬ್ಬರು, ಬ್ಯಾಂಕಿನಲ್ಲಿ ದುಡಿಯುವವರು, ತಾವೇ ರಾತ್ರಿ ಎಂಟಕ್ಕೆ ಮನೆ ಸೇರುವುದು, ತಮಗೆ ಯಾರು ರಜೆ ಕೊಡುತ್ತಾರೆ ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅವರ ದಣಿವು ನಾಟಕವಲ್ಲ ಎಂದು ನನಗೆ ಗೊತ್ತು. ಆದರೆ ಅವರು ಅದನ್ನು ತೆಗೆದುಕೊಂಡು ಹೋಗಬೇಕಾದದ್ದು ಮ್ಯಾನೇಜರ ಮೇಜಿಗೆ, ಸೋಫಾದಲ್ಲಿ ಕಾಲು ಚಾಚಿ ಕೂತ ಗಂಡನ ಹತ್ತಿರಕ್ಕೆ. ಹಿತ್ತಲಿನಲ್ಲಿ ಕೂತವಳ ಕೂಲಿಯಿಂದ ಅದನ್ನು ಕಳೆಯಬಾರದು.

ಹಿಡಿದಿಟ್ಟುಕೊಂಡಿದ್ದ ಮೂರು ದಿನದ ಸಂಬಳವನ್ನು ನಾನು ವಾಪಸು ಕೊಟ್ಟೆ. ತಡವಾಗಿ. ಆಕೆ ನೋಟು ತಿರುಗಿಸಿ ನೋಡಿ, "ಇದು ಯಾವ ತಿಂಗಳಿದ್ದು ಬಾಜಿ?" ಎಂದು ಕೇಳಿದಳು. ಹೇಳಿದೆ. ಆಕೆಗೆ ಮರೆತೇ ಹೋಗಿದೆ ಎಂದು ಮೊದಲು ಅಂದುಕೊಂಡೆ. ಇಲ್ಲ, ಉಳಿದ ಮೂರು ಮನೆಗಳ ಲೆಕ್ಕವನ್ನೂ ದಿನ ಸಹಿತ ಹೇಳಿದಳು.

ಈಗ ನಮ್ಮ ಮನೆಯಲ್ಲಿ ಭಾನುವಾರ ಆಕೆಗೆ ರಜೆ. ಮೊದಲ ಭಾನುವಾರ ಪಾತ್ರೆಗಳನ್ನು ನಾನು ಮುಟ್ಟಲಿಲ್ಲ. ಹತ್ತು ಗಂಟೆಯವರೆಗೆ ಕಾದು, ಕೊನೆಗೆ ನಮ್ಮ ಯಜಮಾನರು ತೋಳು ಮಡಿಸಿ ಸಿಂಕಿನ ಮುಂದೆ ನಿಂತರು. ನಲ್ಲಿ ತಿರುಗಿಸಿದವರೇ ಕೈ ಹಿಂದಕ್ಕೆಳೆದುಕೊಂಡು, "ಅರೆ, ಪಾನಿ ಇತ್ತಾ ಥಂಡಾ ಹೈ?" ಎಂದರು. ಅಡುಗೆಮನೆಗೂ ಗೀಜರಿನ ಪೈಪು ಎಳೆಸಲು ಮರುದಿನವೇ ಪ್ಲಂಬರನಿಗೆ ಫೋನು ಹೋಯಿತು. ಹನ್ನೆರಡು ವರ್ಷದಿಂದ ಆ ಸಿಂಕು ಅಲ್ಲೇ ಇದೆ. ಉಳಿದ ಮೂರು ಮನೆಗಳಲ್ಲಿ ಭಾನುವಾರದ ಮಾತು ಎತ್ತಲೇ ಎಂದು ಆಕೆಯನ್ನು ಕೇಳಿದೆ. "ಈಗ ಬೇಡ ಬಾಜಿ, ಸಂಕ್ರಾಂತಿ ಕಳೀಲಿ. ಹಬ್ಬಕ್ಕೆ ಸೀರೆ ಕೊಡ್ತೀನಿ ಅಂದಿದಾರೆ" ಎಂದಳು.